ಚಿಂಚ್ ಗಲ್ಲಿಯ ಟಪಾಲಿನವರು

ಅವರು ಕುಳಿತದ್ದನ್ನು ನಾನು ಕಂಡದ್ದು ಒಂದೇ ಒಂದು ಸಲ, ಅದಕ್ಕೂ ಕಾರಣ ನಾನೇ. ನಮ್ಮ ಪೋಸ್ಟ್ ಆಫೀಸಿನಲ್ಲಿ ಗೋಡೆಗೆ ಹತ್ತಿಸಿ ಹಾಕಿದ ಉದ್ದನೆಯ ಬೆಂಚೊಂದಿತ್ತು. ಉಳಿದ ಪೋಸ್ಟ್‌ಮನ್‌ಗಳೆಲ್ಲ ಅದರ ಮೇಲೆ ಕೂತು, ಬೀಡಿ ಸೇದಿ, ಒಬ್ಬರ ಚಹಾ ಇನ್ನೊಬ್ಬರು ಕುಡಿದು, ತಮ್ಮ ತಮ್ಮ ಕಟ್ಟು ಜೋಡಿಸಿಕೊಳ್ಳುತ್ತಿದ್ದರು. ಇವರು ಮಾತ್ರ ಗೋಡೆಗೆ ಒಂದು ಕಾಲು ಊರಿ ನಿಂತೇ ಜೋಡಿಸುವವರು. "ಒಂದು ಗಳಿಗಿ ಕೂಡ್ರಿ, ಕಾಲು ಬೀಳತಾವ" ಎಂದರೆ, "ಕುಂತ್ರ ಕಾಗದ ಆರತಾವ್ರಿ ರಾಯರ. ಬಿಸಿ ಇರೂದ್ರಾಗ ಮುಟ್ಟಸಬೇಕು" ಎನ್ನುವರು. ಕಾಗದವೇನು ರೊಟ್ಟಿಯೇ ಎಂದು ನಾನು ನಗುತ್ತಿದ್ದೆ. ಅವರು ನಗುತ್ತಿರಲಿಲ್ಲ. ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದರು.

ನಾನು ಧಾರವಾಡದವನು. ಐವತ್ತರ ದಶಕದ ಮೊದಲ ವರ್ಷಗಳಲ್ಲಿ ಮುಂಬಯಿಗೆ ಬಂದು, ಗ್ರಾಂಟ್ ರೋಡಿನಲ್ಲಿ ಉಡುಪಿಯವರೊಬ್ಬರ ಹೋಟೆಲಿನ ಮೇಲಿನ ಖೋಲಿಯಲ್ಲಿ ಇನ್ನೂ ನಾಲ್ಕು ಜನರ ಜೊತೆ ಇದ್ದೆ. ಬೆಳಿಗ್ಗೆ ಊರೆಲ್ಲ ದಕ್ಷಿಣಕ್ಕೆ ನುಗ್ಗುವಾಗ ನಾನು ಬೊರಿವಲಿಯ ಕಡೆಗೆ ಹೋಗುವ ಖಾಲಿ ಲೋಕಲ್ ಹತ್ತುತ್ತಿದ್ದೆ. ದಾರಿಯ ನಡುವಿನ ಒಂದು ಉಪನಗರದಲ್ಲಿ ನಮ್ಮ ಸಣ್ಣ ಪೋಸ್ಟ್ ಆಫೀಸು. ಬಂದ ಟಪಾಲನ್ನು ಬೀಟಿನ ಪ್ರಕಾರ, ಅಂದರೆ ಒಬ್ಬೊಬ್ಬ ಪೋಸ್ಟ್‌ಮನ್ ಸುತ್ತುವ ಓಣಿಗಳ ಪ್ರಕಾರ, ಬೇರ್ಪಡಿಸುವುದು, ಬಟವಾಡೆಯಾಗದೆ ಮರಳಿದ್ದಕ್ಕೆ ತಾರೀಖಿನ ಮೊಹರು ಹೊಡೆದು ಕಳಿಸಿದವರಿಗೆ ವಾಪಸು ಮಾಡುವುದು ನನ್ನ ಕೆಲಸ. ಕಿಟಕಿಯ ಆಚೆ ರೈಲು, ಈಚೆ ಮೊಹರಿನ ಠಪಠಪ. ಆ ಸದ್ದು ಈಗಲೂ ನನ್ನನ್ನು ನೆಮ್ಮದಿಯಾಗಿ ಕೂಡಗೊಡುವುದಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಮರೆತದ್ದಕ್ಕಲ್ಲ, ಅವರದೇ ಮಾತಿಗೆ ಬೆಲೆ ಕೊಟ್ಟು. ಹೊಸಬರು ಯಾರಾದರೂ ಮನೆತನದ ಅಡ್ಡಹೆಸರು ಕೇಳಿದರೆ ಅವರ ಮುಖ ಬಿಗಿಯುತ್ತಿತ್ತು. "ನಮ್ಮಪ್ಪ ಮಂದಿ ಕಾಲಿನ ಅಳತಿ ತಗೋತಿದ್ದಾ. ಮಂದಿ ನಮ್ಮ ಅಡ್ಡಹೆಸರಿನ ಅಳತಿ ತಗೋತಾರ" ಎಂದು ನನ್ನ ಮುಂದೆ ಒಮ್ಮೆ ಹೇಳಿದ್ದರು. ತಂದೆ ವಿಜಾಪುರದ ಕಡೆಯಿಂದ ಬಂದ ಚಪ್ಪಲಿ ಹೊಲಿಯುವವರು. ಇವರು ಊರಲ್ಲಿದ್ದಾಗ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಮುಂಬಯಿಗೆ ಬಂದ ಮೇಲೆ ಮರಾಠಿ ಓದಲು ಕಲಿತು, ಇಂಗ್ಲಿಷಿನ ವಿಳಾಸ ಓದುವಷ್ಟು ಇಂಗ್ಲಿಷನ್ನೂ ಗಿಟ್ಟಿಸಿಕೊಂಡು ಖಾಕಿ ತೊಟ್ಟವರು. ಕಾಲಲ್ಲಿ ಮಾತ್ರ ತಾವೇ ಹೊಲಿದುಕೊಂಡ ಚಪ್ಪಲಿ. ಕೊಂಡ ಚಪ್ಪಲಿ ಮೆಟ್ಟಿದ್ದನ್ನು ನಾನು ನೋಡಲಿಲ್ಲ.

ನಮ್ಮ ಮೊದಲ ಮಾತುಕತೆಯೇ ಜಗಳದ ಹಾಗಿತ್ತು. ನನ್ನ ಮಾತು ಕೇಳಿ ಕನ್ನಡದವನೆಂದು ಗೊತ್ತಾಗಿ, "ಯಾವೂರ್ರಿ?" ಎಂದರು. ಧಾರವಾಡ ಎಂದೆ.

"ಧಾರವಾಡದಾಗ ಯಾವ ಓಣಿ?"

"ಬ್ರಾಹ್ಮಣರ ಓಣಿ" ಎಂದೆ ನಾನು, ಗಂಟಲು ಸ್ವಲ್ಪ ಮೇಲೇ ಇತ್ತು ಅಂತ ಕಾಣುತ್ತದೆ.

"ಅದನ್ನೂ ಬದಲಿ ಮಾಡಬೇಕಾಗತೈತಲ್ರಿ" ಎಂದರು ಅವರು, ಬಸ್ಸಿನ ವೇಳೆ ಹೇಳುವವರ ಹಾಗೆ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಿನ್ನೆ ಮೊನ್ನೆ ಕಂಡವನು ನಮ್ಮ ಅಜ್ಜನ ಕಾಲದ ಓಣಿಯ ಹೆಸರು ಬದಲಿಸಬೇಕು ಎನ್ನುವುದೆಂದರೇನು! "ಯಾಕ್ರಿ, ನಮ್ಮ ಓಣಿ ನಿಮಗೇನು ಮಾಡ್ಯದ?" ಎಂದೆ. "ನಿಮ್ಮ ಓಣಿಗೆ ಆ ಹೆಸರು ಇರೂತನ ನಮ್ಮ ಓಣಿಗೆ ಈ ಹೆಸರು ಇರತೈತ್ರಿ" ಎಂದು ಅವರು ಟಪಾಲಿನ ಕಟ್ಟಿಗೆ ಹುರಿ ಸುತ್ತಿದರು. ಅಪ್ಪನ ಪತ್ರಗಳು ನನಗೆ ಆಫೀಸಿನ ವಿಳಾಸಕ್ಕೇ ಬರುತ್ತಿದ್ದವು. ಹಿಂಬದಿಯಲ್ಲಿ ಅಪ್ಪನ ದುಂಡು ಅಕ್ಷರದಲ್ಲಿ ಓಣಿಯ ಹೆಸರು. ಅವನ್ನು ಅವರು ನನ್ನ ಕೈಗೆ ಕೊಡುವಾಗೊಮ್ಮೆ, "ಇದನ್ನ ಹೊಡದು ಹಾಕೂದಿಲ್ಲೇನು?" ಎಂದು ಚುಚ್ಚಿದೆ. "ಅದು ನನ್ನ ಬೀಟ್ ಅಲ್ರಿ" ಎಂದರು.

ಅವರ ಬೀಟಿನಲ್ಲೇ ಅವರ ಮನೆಯೂ ಇತ್ತು. ಸೊಲ್ಲಾಪುರ, ಅಥಣಿ, ವಿಜಾಪುರದ ಕಡೆಯಿಂದ ಬಂದು ಚಪ್ಪಲಿ ಹೊಲಿಯುತ್ತಿದ್ದವರ ಗಲ್ಲಿ ಅದು. ಅದಕ್ಕಿದ್ದ ಹೆಸರು ಅವರ ಜಾತಿಯದು, ಬಾಲಕ್ಕೆ ಗಲ್ಲಿ ಎಂಬ ಶಬ್ದ. ಆ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರು ಎಲ್ಲಿದ್ದರೂ ಈ ಹಾಳೆಯನ್ನು ವಾಪಸು ಕಳಿಸಿಯಾರು! ಬೈಯುವಾಗ ಬಳಸುವ ಶಬ್ದವನ್ನೇ ಮುನಸಿಪಾಲ್ಟಿ ತಗಡಿನ ಮೇಲೆ ಬರೆಸಿ ಗಲ್ಲಿಯ ಬಾಯಿಗೆ ಹೊಡೆಸಿತ್ತು. ಶಾಲೆಯ ದಾಖಲೆಯಲ್ಲಿ ಅದೇ, ರೇಶನ್ ಕಾರ್ಡಿನಲ್ಲಿ ಅದೇ, ಬರುವ ಪ್ರತಿಯೊಂದು ಕಾಗದದ ನೆತ್ತಿಯ ಮೇಲೆ ಅದೇ. "ನಮ್ಮ ಹುಡುಗ್ರು ನೌಕರಿಗೆ ಅರ್ಜಿ ಬರದ್ರ ಪರೀಕ್ಷಾ ವಿಳಾಸದಾಗೇ ಮುಗೀತೈತ್ರಿ. ಮುಂದ ಓದೂದಿಲ್ಲ ಯಾರೂ" ಎನ್ನುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು. ಎರಡು ಜಡೆಯ, ಬಿರುಸು ನಡಿಗೆಯ ಹುಡುಗಿ. ಶಾಲೆ ಬಿಟ್ಟ ಮೇಲೆ ಅಪ್ಪನನ್ನು ಹುಡುಕಿಕೊಂಡು ನಮ್ಮ ಆಫೀಸಿನ ಬಾಗಿಲಿಗೆ ಬಂದು, ಒಳಗೆ ಬಾ ಎಂದರೂ ಬಾರದೆ, ಹೊರಗೆ ನಿಂತೇ ಮಾತು ಮುಗಿಸಿ ಹೋಗುವಳು. ಹೆಸರು ಬದಲಿಸಿ ಎಂದು ವಾರ್ಡ್ ಕಚೇರಿಗೆ ಬರೆದ ಅರ್ಜಿಗಳೆಲ್ಲ ಅವಳ ಅಕ್ಷರದಲ್ಲೇ. ಅಪ್ಪ ಹೇಳುವುದು, ಮಗಳು ಬರೆಯುವುದು. ಮೊದಲ ಅರ್ಜಿ ಬರೆದಾಗ ನಾಲ್ಕನೇ ಇಯತ್ತೆಯಲ್ಲಿದ್ದಳಂತೆ. ಹನ್ನೊಂದನೇ ಅರ್ಜಿಯ ಹೊತ್ತಿಗೆ ಮ್ಯಾಟ್ರಿಕ್ ಹತ್ತಿರ ಬಂದಿತ್ತು, ಅರ್ಜಿಯೂ ಇಂಗ್ಲಿಷಿಗೆ ತಿರುಗಿತ್ತು. ವಾರ್ಡಿನ ಸಾಹೇಬರು ಪ್ರತಿಸಲ "ಹೋಯೀಲ್, ಹೋಯೀಲ್" ಅನ್ನುತ್ತಿದ್ದರು. ಆಗುತ್ತದೆ, ಆಗುತ್ತದೆ. ವಿಚಾರ ನಡೆದಿದೆ ಎಂಬ ಉತ್ತರವೂ ಬರುತ್ತಿತ್ತು, ಅದೇ ಹಳೆಯ ಹೆಸರಿನ ವಿಳಾಸಕ್ಕೆ. ಅದನ್ನು ತಾವೇ ಹೊತ್ತುಕೊಂಡು ಹೋಗಿ ತಮ್ಮ ಮನೆಯ ಬಾಗಿಲಲ್ಲಿ ತಮಗೇ ಕೊಟ್ಟುಕೊಳ್ಳಬೇಕು. ನೋಡಿ, ಈ ಸರಕಾರದ ಕೆಲಸ!

ಯಾವ ಹೆಸರು ಬೇಕು ಎಂಬುದಕ್ಕೆ ಗಲ್ಲಿಯಲ್ಲೇ ರಂಪವಾಯಿತು. ಒಬ್ಬರಿಗೆ ದೇವರ ಹೆಸರು ಬೇಕು, ಇನ್ನೊಬ್ಬರಿಗೆ ಸಂತರದು, ಹುಡುಗರಿಗೆ ಮುಖಂಡರದು. ಇವರು ಹಟ ಹಿಡಿದದ್ದು ಗಲ್ಲಿಯ ಬಾಯಲ್ಲಿದ್ದ ಹುಣಸೆ ಮರಕ್ಕೆ. ಮರಾಠಿಯಲ್ಲಿ ಹುಣಸೆಗೆ ಚಿಂಚ್. ಚಿಂಚ್ ಗಲ್ಲಿ. ಇಷ್ಟು ವರ್ಷ ಹೋರಾಡಿ ಕೊನೆಗೆ ಹುಣಸೆಹಣ್ಣೇ ಎಂದು ನಾನೂ ಕೇಳಿದೆ.

"ನಮ್ಮ ದೊಡ್ಡವರ ಹೆಸರ ಇಟ್ರ ಆ ಹೆಸರೂ ನಾಳೆ ನಮ್ಮ ಜಾತೀದ ಆಗತೈತ್ರಿ. ಬೋರ್ಡ್ ನೋಡಿ 'ಓಹೋ' ಅಂತಾರ ಮಂದಿ" ಎಂದರು. "ಹುಣಸಿಹಣ್ಣು ನೋಡಿದ್ರ ಎಲ್ಲಾರ ಬಾಯಾಗೂ ನೀರ ಬರತೈತಿ. ನಿಮ್ಮ ಬಾಯಾಗ ಬರೂದಿಲ್ಲೇನ್ರಿ?"

ಬರುತ್ತದೆ ಎಂದೆ.

ಹನ್ನೊಂದನೇ ಅರ್ಜಿಗೋ, ಸಾಹೇಬರ ಬೇಸರಕ್ಕೋ, ಅಂತೂ ಒಂದು ದಿನ ಹೊಸ ತಗಡು ಬಂತು. ನಮ್ಮ ಪೋಸ್ಟ್ ಆಫೀಸಿಗೂ ಆದೇಶ ಬಂದು, ಬೀಟಿನ ಯಾದಿಯಲ್ಲಿ ಹಳೆಯ ಹೆಸರಿಗೆ ಕೆಂಪು ಗೆರೆ ಎಳೆದು ಪೋಸ್ಟ್‌ಮಾಸ್ತರರು ಹೊಸದನ್ನು ಬರೆದರು. ಅವತ್ತು ಇವರು ಎಲ್ಲರಿಗೂ ಚಹಾ ಕುಡಿಸಿದರು, ತಾವು ನಿಂತೇ ಕುಡಿದರು. ಮಗಳು ಬಾಗಿಲಿಂದ ಇಣುಕಿ ಯಾದಿ ನೋಡಿಹೋದಳು. ಅವಳ ಮುಖದಲ್ಲಿ ಅಂಥ ನಗೆ ನಾನು ಕಂಡಿರಲಿಲ್ಲ.

ತಗಡು ಬದಲಾಯಿತು, ಕಾಗದ ಬದಲಾಗಲಿಲ್ಲ. ಊರೂರಿಂದ ಹಳೆಯ ಹೆಸರಿಗೇ ಬರುತ್ತಿದ್ದವು. ಮೊದಲ ಮೂರು ತಿಂಗಳು ಅವರು ಗೋಡೆಗೆ ಕಾಲೂರಿ ನಿಂತು, ನೀಲಿ ಪೆನ್ಸಿಲಿನಿಂದ ಒಂದೊಂದರ ಮೇಲೂ ಹಳೆಯದನ್ನು ಹೊಡೆದು ಚಿಂಚ್ ಗಲ್ಲಿ ಎಂದು ಬರೆದು ಒಯ್ದರು. ಮನೆ ಮನೆಗೆ ಹೇಳಿದರು: "ನಿಮ್ಮ ಮಂದಿಗೆ ಹೊಸಾ ಹೆಸರ ಬರದು ತಿಳಸ್ರಿ. ಮೂರು ತಿಂಗಳ ನಾ ತಿದ್ದತೀನಿ. ಆಮ್ಯಾಲ ಆ ಹೆಸರಿನ ಗಲ್ಲಿ ನನಗ ಗೊತ್ತಿಲ್ಲ." ಓದು ಬರದವರಿಗೆ ಮಗಳು ಕೂತು ಕಾರ್ಡು ಬರೆದುಕೊಟ್ಟಳು. ಜನ ನಕ್ಕರು. ಪೋಸ್ಟ್‌ಮನ್ ತನ್ನ ಗಲ್ಲಿ ತನಗೇ ಗೊತ್ತಿಲ್ಲ ಅನ್ನುವುದುಂಟೇ?

ಮೂರು ತಿಂಗಳು ಮುಗಿದ ಮರುದಿನ ಅವರು ಬೀಟಿನಿಂದ ಬಂದು ನನ್ನ ಮೇಜಿನ ಮೇಲೆ ಐದು ಕಾಗದ ಇಟ್ಟರು. ಅವುಗಳ ಹಿಂಬದಿಗೆ ಮರಾಠಿಯಲ್ಲಿ ನೀಲಿ ಪೆನ್ಸಿಲಿನ ಅಕ್ಷರ: ಆ ಹೆಸರಿನ ಗಲ್ಲಿ ಇಲ್ಲಿಲ್ಲ.

"ಏನ್ರಿ ಇದು?"

"ಯಾದಿ ತಗದು ನೋಡ್ರಿ. ಐತೇನು?"

ಇರಲಿಲ್ಲ. ಪೋಸ್ಟ್‌ಮಾಸ್ತರರೂ ಯಾದಿ ನೋಡಿ, ತಲೆ ಕೆರೆದುಕೊಂಡು, ಕಾಯದೆಯ ಪ್ರಕಾರ ಸರಿ ಎಂದರು. ನಾನು ಠಪಠಪ ಮೊಹರು ಹೊಡೆದೆ. ಕಾಗದ ಆರಬಾರದು ಎಂದು ಕೂರದೆ ಓಡಾಡುವ ಮನುಷ್ಯ, ತಮ್ಮ ನೆರೆಹೊರೆಯವರ ಕಾಗದಗಳನ್ನು ಬಾಗಿಲ ತನಕ ಒಯ್ದು ವಾಪಸು ತರುತ್ತಿದ್ದರು. ನನಗೆ ತಡೆಯಲಾಗುತ್ತಿರಲಿಲ್ಲ. "ಮಂದಿ ಶಾಪ ಹಾಕ್ತಾರ್ರಿ ನಿಮಗ" ಎನ್ನುತ್ತಿದ್ದೆ. "ಹಾಕ್ಲಿ. ವಾಪಸ್ ಹೋದ ಕಾಗದ ಕಳಿಸಿದಂವಗ ಹೊಸಾ ಹೆಸರ ಕಲಸತೈತಿ" ಎನ್ನುವರು. ನಿಜವೂ ಹೌದು. ಒಂದೊಂದಾಗಿ ಹೊಸ ಹೆಸರಿನ ಕಾಗದ ಬರತೊಡಗಿದವು.

ಆದರೆ ಒಬ್ಬ ಮುದುಕರು ಒಂದು ಮಧ್ಯಾಹ್ನ ಆಫೀಸಿಗೇ ನುಗ್ಗಿದರು. ಅದೇ ಗಲ್ಲಿಯವರು, ಇವರಪ್ಪನ ಜೊತೆ ಕೂತು ಚಪ್ಪಲಿ ಹೊಲಿದವರು. ಅಥಣಿ ಕಡೆಯ ಅಕ್ಕನ ಮಗಳ ಲಗ್ನದ ಕಾಗದ ವಾಪಸು ಹೋಗಿತ್ತು. ಸೋದರಮಾವನಿಲ್ಲದೆ ಅಕ್ಷತೆ ಬಿದ್ದಿತ್ತು.

"ಅಕ್ಕ ನನ್ನ ಹೆಸರ ತಗದು ಅತ್ತಳಂತಲ್ಲೋ! ಬದುಕಿದಾನೋ ಸತ್ತಾನೋ ಅಂತ ಲಗ್ನದ ಮಾಂಡವದಾಗ ಮಂದಿ ಮಾತಾಡಿದ್ರಂತ. ಬೋರ್ಡ್ ನೆಕ್ಕಲೇನೋ ನಾನು? ನಿನ್ನ ಮಗಳ ಕಾಗದ ಹಿಂಗ ವಾಪಸ್ ಮಾಡತಿದ್ದೇನು ನೀ?"

ಇವರು ತಲೆ ತಗ್ಗಿಸಿ ನಿಂತಿದ್ದರು. "ಮಾಡತಿದ್ದೆ ಕಾಕಾ" ಎಂದರು ಮೆಲ್ಲಗೆ. ಮುದುಕರು ಥೂ ಎಂದು ಹೋದರು. ನಾನು ಹತ್ತಿರ ಹೋಗಿ, ಇನ್ನು ಸಾಕು ಮಾಡ್ರಿ ಎಂದೆ. "ಒಬ್ಬರ ಸಲುವಾಗಿ ಬಿಟ್ರ ಎಲ್ಲಾರ ಸಲುವಾಗಿ ಬಿಡಬೇಕಾಗತೈತ್ರಿ. ಆಗ ಆ ಹೆಸರು ಮತ್ತ ಬಂದು ಕೂಡತೈತಿ" ಎಂದರು. ಮರುದಿನ ಇನ್ನೊಂದು ಕಾಗದ ವಾಪಸು ಬಂತು.

ಮಗಳು ಮ್ಯಾಟ್ರಿಕ್ ಪಾಸಾದಳು, ಆ ಗಲ್ಲಿಯ ಮೊದಲ ಹುಡುಗಿ. ಪೇಟೆಯ ಒಂದು ದೊಡ್ಡ ದವಾಖಾನೆಗೆ ನರ್ಸಿಂಗ್ ಕಲಿಯಲು ಅರ್ಜಿ ಹಾಕಿದಳು. ಅರ್ಜಿಯಲ್ಲಿ ಚಿಂಚ್ ಗಲ್ಲಿ ಎಂದೇ ಬರೆದಿದ್ದಳು. ಆದರೆ ಜೊತೆಗಿಟ್ಟ ಶಾಲೆಯ ದಾಖಲೆಯಲ್ಲಿ ಹಳೆಯ ಹೆಸರಿತ್ತು. ದವಾಖಾನೆಯ ಕಾರಕೂನ ಅದನ್ನು ನೋಡಿಯೇ ವಿಳಾಸ ಬರೆದಿರಬೇಕು.

ಆ ಮಂಗಳವಾರ ಬೆಳಿಗ್ಗೆ ಚೀಲ ಸುರುವಿ ಬೇರ್ಪಡಿಸುವಾಗ ನನ್ನ ಕೈಗೆ ಬಂದದ್ದು ಲಕೋಟೆಯಲ್ಲ, ಅಚ್ಚು ಹಾಕಿದ ಬಿಚ್ಚು ಕಾರ್ಡು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಸಂದರ್ಶನಕ್ಕೆ ಬರತಕ್ಕದ್ದು, ಬರುವಾಗ ಈ ಕಾರ್ಡು ತರತಕ್ಕದ್ದು. ಹುಡುಗಿಯ ಹೆಸರು. ಕೆಳಗೆ ಆ ದರಿದ್ರ ಹಳೆಯ ಹೆಸರು! ಅತ್ತಿತ್ತ ನೋಡಿದೆ. ನನ್ನ ನೀಲಿ ಪೆನ್ಸಿಲು ತೆಗೆದು ಹಳೆಯದನ್ನು ಹೊಡೆದು, ಅವರ ಅಕ್ಷರದಂತೆಯೇ ಚಿಂಚ್ ಗಲ್ಲಿ ಎಂದು ಬರೆದು, ಅವರ ಕಟ್ಟಿನ ನಡುವೆ ಸೇರಿಸಿಬಿಟ್ಟೆ. ಪುಣ್ಯದ ಕೆಲಸ ಮಾಡಿದೆ ಅಂತಲೇ ತಿಳಿದಿದ್ದೆ.

ಅರ್ಧ ಗಳಿಗೆಯಲ್ಲಿ ಅವರು ನನ್ನ ಮೇಜಿನ ಮುಂದೆ.

"ಇದನ್ನ ತಿದ್ದಿದವ್ರು ಯಾರ್ರಿ?"

"ನಾನೇ. ಸುಮ್ನ ಮನಿಗೆ ಒಯ್ದು ಕೊಡ್ರಿ. ಯಾರಿಗೂ ಗೊತ್ತಾಗೂದಿಲ್ಲ."

ಅವರು ಕಾರ್ಡನ್ನು ನನ್ನ ಮೇಜಿನ ಮೇಲಿಟ್ಟರು. "ಕಾಕಾನ ಲಗ್ನದ ಕಾಗದಾನೂ ನಿಮ್ಮ ಕೈಯಾಗ ಹಾದು ಹೋಗಿತ್ತಲ್ರಿ. ಆವತ್ತ ಈ ಪೆನ್ಸಿಲ್ ಎಲ್ಲಿತ್ತು?"

ಆವತ್ತು ಪೆನ್ಸಿಲು ಅಲ್ಲೇ ಇತ್ತು, ನನ್ನ ಕಿವಿಯ ಹಿಂದೆ. ಅವರು ನನ್ನ ಮೇಜಿನ ರಬ್ಬರು ತಗೊಂಡು ನಾನು ಬರೆದದ್ದನ್ನು ಉಜ್ಜಿದರು, ಉಜ್ಜಿದರು. ಮಧ್ಯಾಹ್ನ ಬೀಟ್ ಮುಗಿಸಿ ಬಂದು ಅದನ್ನು ಉಳಿದ ವಾಪಸಿ ಕಾಗದಗಳ ಜೊತೆ ನನ್ನ ಮುಂದೆ ಇಟ್ಟು ಹೋದರು. ಮೂಲೆಯಲ್ಲಿ ಅದೇ ಸಾಲು: ಆ ಹೆಸರಿನ ಗಲ್ಲಿ ಇಲ್ಲಿಲ್ಲ.

ವಾಪಸಿಯದು ಮರುದಿನ, ಬುಧವಾರ, ಬೆಳಗಿನ ಚೀಲದಲ್ಲಿ ಹೋಗುವುದು ನಮ್ಮ ರೂಢಿ. ಉಳಿದದ್ದಕ್ಕೆಲ್ಲ ಮೊಹರು ಹೊಡೆದು ಚೀಲಕ್ಕೆ ಹಾಕಿದೆ. ಆ ಕಾರ್ಡನ್ನು ಮಾತ್ರ ಮೇಜಿನ ಡ್ರಾವರಿನಲ್ಲಿಟ್ಟೆ. ಹೊಟ್ಟೆಯ ಮಗಳು, ರಾತ್ರಿ ಕಳೆದರೆ ಸಿಟ್ಟು ಇಳಿದೀತು, ಬೆಳಿಗ್ಗೆ ತಾವೇ ಬಂದು ಕೇಳಿಯಾರು, ಆಗ ಕೊಟ್ಟರಾಯಿತು. ಹೀಗಿತ್ತು ನನ್ನ ಲೆಕ್ಕ. ಬುಧವಾರ ಇಡೀ ದಿನ ಅವರು ಎದುರಿಗೆ ಬಂದಾಗಲೆಲ್ಲ ನನ್ನ ಕೈ ಡ್ರಾವರಿಗೆ ಹೋಗುತ್ತಿತ್ತು. ಅವರು ಕೇಳಲಿಲ್ಲ. ಸಂಜೆ ಹೊರಡುವಾಗ ಬಾಗಿಲಲ್ಲಿ ನಿಂತು, ಒಂದೇ ಮಾತು: "ನಿನ್ನಿ ವಾಪಸಿ ಎಲ್ಲಾ ಹೋದವಲ್ರಿ ರಾಯರ?"

ಆಗಲಾದರೂ ಕಾರ್ಡು ತೆಗೆದು ಮುಖದ ಮುಂದೆ ಹಿಡಿಯಬೇಕಿತ್ತು. ಮತ್ತೆ ಆ ಪೆನ್ಸಿಲಿನ ಮಾತು ತೆಗೆದಾರು ಎಂಬ ಅಳುಕು. "ಹೋದವು" ಎಂದೆ. ಅವರು ತಲೆಯಾಡಿಸಿದರು. ನಾಳೆ ರಜಾ ಹಾಕಿದ್ದೇನೆ ಎಂದು ಹೇಳಿ ಇಳಿದುಹೋದರು.

ಗುರುವಾರ ಬೆಳಿಗ್ಗೆ ಅವರಿಲ್ಲ, ಕಾರ್ಡು ಇದೆ. ಇನ್ನೇನು ಮಾಡಲಿ ಎಂದು ಅಂದಿನ ಮೊಹರು ಹೊಡೆದು ಚೀಲಕ್ಕೆ ಹಾಕಿಬಿಟ್ಟೆ. ಕೈ ತೊಳೆದುಕೊಂಡೆ.

ಶುಕ್ರವಾರವೂ ಬಾರದ ಅವರು ಶನಿವಾರ ಕೆಲಸಕ್ಕೆ ಬಂದರು. ಬಂದವರೇ ನನ್ನ ಮೇಜಿನ ಎದುರು ಆ ಬೆಂಚಿನ ಮೇಲೆ ಕುಳಿತುಬಿಟ್ಟರು! ಉಳಿದವರು ಮಾತು ನಿಲ್ಲಿಸಿ ನೋಡಿದರು. ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡು, ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿದರು.

"ಗುರುವಾರ ಮಗಳನ್ನ ಕರಕೊಂಡು ದವಾಖಾನಿಗೆ ಹೋಗಿದ್ದೆ. ಕಾರ್ಡ್ ಎಲ್ಲಿ ಅಂದ್ರು. ನಿಮ್ಮ ಮುಂಜಾನಿ ಟಪಾಲಿನಾಗ ಬರತೈತಿ, ತಡೀರಿ ಅಂದೆ. ನಾ ಲೆಕ್ಕಾ ಹಾಕಿ ಇಟ್ಟಿದ್ದೆ. ಮಂಗಳವಾರ ವಾಪಸ್ ಆತು, ಬುಧವಾರದ ಚೀಲ, ಗುರುವಾರ ಒಂಬತ್ತರ ಬಟವಾಡಿ. ಅವ್ರ ಟೇಬಲ್ ಮ್ಯಾಲೇ ಬಂದು ಬೀಳಬೇಕು. 'ಆ ಹೆಸರಿನ ಗಲ್ಲಿ ಇಲ್ಲಿಲ್ಲ' ಅಂತ ಅವ್ರು ಓದಬೇಕು, ಅವ್ರ ರಜಿಸ್ಟರ್ದಾಗ ತಿದ್ದಬೇಕು, ಅದ ಕಾರ್ಡ್ ಹಿಡಕೊಂಡು ಹುಡುಗಿ ಒಳಗ ಹೋಗಬೇಕು. ಟಪಾಲ್ ಬಂತು. ಒಂದೊಂದ ತಗದು ನೋಡಿದ್ರು. ಕಾರ್ಡ್ ಬರಲಿಲ್ರಿ."

ನಾನು ಮೇಜಿನ ಮೇಲಿನ ಮೊಹರನ್ನು ಅತ್ತ ಸರಿಸಿದೆ.

"ಕಾರ್ಡಿಲ್ಲ, ಬರಲಿಲ್ಲ ಅಂತೀ, ತಾರೀಖ ಹೆಂಗ ಗೊತ್ತಾತು ಅಂತ ಕಾರಕೂನ ನಕ್ಕ. ಒಂದು ಗಂಟೀಗೆ ಎಲ್ಲಾ ಹುಡುಗ್ಯಾರು ಮುಗದ್ರು. ಬಾಗಿಲ ಹಾಕಿದ್ರು."

ಆ ಕ್ಷಣ ನಾನು ಹೇಳಬೇಕಿತ್ತು. ಹೇಳಿದ್ದು ಏನು ಗೊತ್ತೇ? "ಲೋಕಲ್ ತಡ ಆಗಿರಬೇಕ್ರಿ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಇರಬೇಕ್ರಿ" ಎಂದು ಎದ್ದು, ಟೊಪ್ಪಿಗೆ ಇಟ್ಟುಕೊಂಡು, ಗೋಡೆಗೆ ಹೋಗಿ ಕಾಲು ಊರಿ ನಿಂತು ತಮ್ಮ ಕಟ್ಟು ಜೋಡಿಸತೊಡಗಿದರು.

ಮುಂದಿನ ಸಂದರ್ಶನಕ್ಕೆ ಆರು ತಿಂಗಳು. ಅಷ್ಟೂ ದಿನ ಮಗಳು ಅಪ್ಪನ ಜೊತೆ ಮಾತು ಬಿಟ್ಟಳು. "ತಾಟು ಇಡ್ತಾಳ್ರಿ, ಮಾತು ಇಡೂದಿಲ್ಲ" ಎಂದು ಒಮ್ಮೆ ಅಂದರು. ಗಲ್ಲಿಯಲ್ಲಿ ಮಾತ್ರ ಗಾಳಿ ತಿರುಗಿತು. ಸ್ವಂತ ಮಗಳ ಕಾರ್ಡೂ ವಾಪಸು ಮಾಡಿದನಂತೆ ಎಂಬ ಸುದ್ದಿ ಹಬ್ಬಿ, ಮುದುಕರೇ ಮನೆ ಮನೆಗೆ ಹೋಗಿ ಹೊಸ ಹೆಸರು ಬರೆಸಿರೆಂದು ಬೈದು ಹೇಳಿಬಂದರಂತೆ. ಆರು ತಿಂಗಳ ನಂತರ ದವಾಖಾನೆಯಿಂದ ಮತ್ತೊಂದು ಕಾರ್ಡು ಬಂತು. ಚಿಂಚ್ ಗಲ್ಲಿ ಎಂದು ಸ್ವಚ್ಛವಾಗಿ ಬರೆದಿತ್ತು. ಅವರು ಅದನ್ನು ಕಟ್ಟಿನ ಎಲ್ಲಕ್ಕಿಂತ ಮೇಲಿಟ್ಟುಕೊಂಡು ಹೋದರು. ಹುಡುಗಿ ನರ್ಸಾದಳು.

ನಾನು ಒಂದು ಸಣ್ಣ ಬದಲಾವಣೆಯನ್ನು ಆಗ ಕಂಡೂ ಅರ್ಥ ಮಾಡಿಕೊಳ್ಳಲಿಲ್ಲ. ಆ ಶನಿವಾರದ ನಂತರ ಅವರು ವಾಪಸಿ ಕಾಗದ ನನ್ನ ಕೈಗಿತ್ತು ಹೋಗಿಬಿಡುತ್ತಿರಲಿಲ್ಲ. ನಾನು ಮೊಹರು ಹೊಡೆದು ಚೀಲಕ್ಕೆ ಹಾಕುವ ತನಕ ಮೇಜಿನ ಮುಂದೆ ನಿಂತಿರುತ್ತಿದ್ದರು. ವಯಸ್ಸಾಗುತ್ತ ಬಂತು, ಎಲ್ಲದರ ಮೇಲೂ ಸಂಶಯ ಎಂದುಕೊಂಡಿದ್ದೆ. ಸ್ವಲ್ಪ ದಿನಕ್ಕೆ ನನಗೆ ಬೇರೆ ಆಫೀಸಿಗೆ ವರ್ಗವಾಯಿತು. ಬೀಳ್ಕೊಡುವಾಗ ಅವರು ತಾವೇ ಹೊಲಿದ ಒಂದು ಜೊತೆ ಚಪ್ಪಲಿ ಕೊಟ್ಟರು. ಅಳತೆ ಯಾವಾಗ ತಗೊಂಡಿದ್ದರೋ, ಕಾಲಿಗೆ ಸರಿಯಾಗಿ ಕೂತವು.

ಎಷ್ಟೋ ವರ್ಷಗಳ ಮೇಲೆ, ನಾನು ನಿವೃತ್ತನಾಗಿ ಬೊರಿವಲಿಯಲ್ಲಿ ಮಗನ ಮನೆಯಲ್ಲಿದ್ದಾಗ, ಅವರ ಮಗಳ ಕಾರ್ಡು ಬಂತು. ಅಪ್ಪ ಹೋದರು ಎಂದು ಎರಡೇ ಸಾಲು. ಆ ದಿನ ನನಗೆ ಊಟ ಸೇರಲಿಲ್ಲ. ಇಷ್ಟು ವರ್ಷ ನುಂಗಿಕೊಂಡದ್ದನ್ನು ಅವಳಿಗಾದರೂ ಹೇಳದಿದ್ದರೆ ನನಗೆ ಸಾವೂ ನೆಟ್ಟಗೆ ಬರಲಾರದು ಎನ್ನಿಸಿತು.

ಮರುದಿನವೇ ಹೋದೆ. ಆ ಸ್ಟೇಷನ್ನಿನಲ್ಲಿ ಇಳಿದರೆ ಒಂದೂ ಗುರುತಿಲ್ಲ. ಎಲ್ಲ ಕಡೆ ಬಿಲ್ಡಿಂಗು, ಹುಣಸೆ ಮರ ಎಲ್ಲಿ ಹೋಯಿತೋ. ಬಿಸಿಲಿನಲ್ಲಿ ಎರಡು ಸಲ ಸುತ್ತಿ ತಲೆ ತಿರುಗಿದಂತಾಯಿತು. ಮೂಲೆಯಲ್ಲಿ ತರಕಾರಿ ಮಾರುವ ಹೆಂಗಸನ್ನು ಕೇಳಿದೆ. ಕೇಳಿದ್ದು ಏನೆಂದು ಹೇಳಲಿ, ಶಿವನೇ! ನನ್ನ ಬಾಯಿಂದ ಬಂದದ್ದು ಹಳೆಯ ಹೆಸರು. ಮೂರು ತಿಂಗಳು ತಿದ್ದಿದ್ದು, ಹುಡುಗಿಯ ಆರು ತಿಂಗಳು, ಎಲ್ಲ ಕಣ್ಣಾರೆ ಕಂಡವನ ಬಾಯಿಂದ.

ಆಕೆ ಬೆಂಡೆಕಾಯಿ ಮೇಲೆ ನೀರು ಚಿಮುಕಿಸುತ್ತ, ತಲೆ ಎತ್ತದೆ, "ತ್ಯಾ ನಾವಾಚೀ ಗಲ್ಲೀ ಇಥೆ ನಾಹೀ" ಎಂದಳು. ಆ ಹೆಸರಿನ ಗಲ್ಲಿ ಇಲ್ಲಿಲ್ಲ. ಗೊತ್ತಿಲ್ಲದೆ ಹೇಳಿದಳೋ, ಗೊತ್ತಿದ್ದೇ ಹೇಳಿದಳೋ, ಈಗಲೂ ನನಗೆ ತಿಳಿಯದು. ನಾನು ತಿದ್ದಿಕೊಂಡು, "ಚಿಂಚ್ ಗಲ್ಲಿ" ಎಂದೆ. ಆಗ ಕೈ ಎತ್ತಿ ತೋರಿಸಿದಳು. ನಾಲ್ಕು ಹೆಜ್ಜೆಯ ಆಚೆಗೇ ಇತ್ತು.

ಮಗಳಿಗೂ ಕೂದಲು ನರೆತಿತ್ತು. ದವಾಖಾನೆಯಲ್ಲಿ ದೊಡ್ಡ ಸಿಸ್ಟರ್ ಆಗಿದ್ದಳು. ಗೋಡೆಯ ಮೇಲೆ ಅವರ ಫೋಟೋ, ಖಾಕಿಯಲ್ಲಿ, ನಿಂತದ್ದು. ನೀರು ಕೊಟ್ಟಳು, ಕುಡಿದೆ. ಆಮೇಲೆ ಎಲ್ಲ ಹೇಳಿದೆ. ಡ್ರಾವರು, "ಹೋದವು" ಎಂದದ್ದು, "ಲೋಕಲ್ ತಡ" ಎಂದದ್ದು. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ, ಮುದುಕನಿಗೆ ಎಲ್ಲಿಯ ನಾಚಿಕೆ. ನಿನ್ನ ಆರು ತಿಂಗಳು ನಾನು ತಿಂದೆ ತಾಯಿ ಎಂದೆ.

ಅವಳು ಎದ್ದುಹೋಗಿ ಟ್ರಂಕಿನಿಂದ ಒಂದು ಕಾರ್ಡು ತಂದು ನನ್ನ ಕೈಗೆ ಕೊಟ್ಟಳು. ಅದೇ ಕಾರ್ಡು.

"ಶುಕ್ರವಾರ ಅಪ್ಪ ಒಬ್ಬನೇ ಮತ್ತ ದವಾಖಾನಿಗೆ ಹೋಗಿದ್ದಾ. ಅವತ್ತ ಬಂದಿತ್ತಿದು. ಕಾರಕೂನ ಅವನ ಮುಂದ ಒಗದಾ. ಅಪ್ಪ ಮೊದಲ ನೋಡಿದ್ದು ಮೊಹರು, ಕಾಕಾ. ಗುರುವಾರದ್ದು. ನಿಮ್ಮ ಮೇಜಿನದು."

ಮಸಿ ಮಾಸಿದ್ದರೂ ತಾರೀಖು ಓದಲು ಬರುತ್ತಿತ್ತು. ಶನಿವಾರ ಆ ಬೆಂಚಿನ ಮೇಲೆ ಕೂತು ನನ್ನ ಮುಖ ನೋಡಿದಾಗ ಅವರಿಗೆ ಎಲ್ಲ ಗೊತ್ತಿತ್ತು. ನನಗೆ ಹೇಳಲು ಜಾಗ ಬಿಟ್ಟು ಕೂತಿದ್ದರು. ನಾನು ತಪ್ಪನ್ನು ಲೋಕಲ್ಲಿನ ಮೇಲೆ ಹಾಕಿದ್ದೆ.

"ಮತ್ತ ಒಂದು ಮಾತೂ ಕೇಳಲಿಲ್ಲಲ್ಲ ಅವರು ನನಗ?"

"ನಾನೂ ಜಗಳಾ ತಗದಿದ್ದೆ, ನೌಕರಿ ಹತ್ತಿದ ಮ್ಯಾಲ. ಇಷ್ಟು ಅರ್ಜಿ ಬರಸಿದಿ ನನ್ನ ಕಡಿಂದ, ಆ ರಾಯರ ಮ್ಯಾಲ ಒಂದ್ ಅರ್ಜಿ ಯಾಕ ಬರಸಲಿಲ್ಲ ಅಂತ." ಅವಳು ಫೋಟೋ ಕಡೆ ನೋಡಿದಳು. "ಅಪ್ಪ ಅಂದಾ, 'ಅವ್ರು ನನಗ ಕೆಟ್ಟದ್ದು ಮಾಡಾಕ ಹೋಗಿದ್ದಿಲ್ಲವ್ವಾ, ಕನಿಕರ ಮಾಡಾಕ ಹೋಗಿದ್ರು. ಹೆಸರಿನ ಮ್ಯಾಲ ಹನ್ನೊಂದ ಅರ್ಜಿ ಬರದೆ. ಕನಿಕರದ ಮ್ಯಾಲ ಅರ್ಜಿ ಹ್ಯಾಂಗ ಬರೀಬೇಕಂತ ನನಗ ಗೊತ್ತಾಗಲಿಲ್ಲ.'"

ಕಾರ್ಡನ್ನು ಬೆಳಕಿಗೆ ಹಿಡಿದೆ. ಅವರು ಅಷ್ಟು ಉಜ್ಜಿದ್ದರೂ ನನ್ನ ನೀಲಿ ಪೆನ್ಸಿಲಿನ ಅಕ್ಷರ ಪೂರ್ತಿ ಹೋಗಿರಲಿಲ್ಲ. ಅದನ್ನು ಅವಳ ಕೈಗೆ ವಾಪಸು ಕೊಟ್ಟೆ.